ಕೆರೆಗೊಬ್ಬ ನೀರುಗಂಟಿ ಬೇಕು

ನೀರಿನ ಅಭಾವವನ್ನು ಕುರಿತು ಭಾಷಣ ಮಾಡುವವರಿಗೆ ನಮ್ಮ ಕೋಲಾರ ಸೀಮೆಯಲ್ಲಿ ಅಭಾವವಿಲ್ಲ. ಆದುದರಿಂದ ನಾನು ಒಂದೇ ಒಂದು ಉದ್ಯೋಗದ ವಿಚಾರವಾಗಿ ನಾಲ್ಕು ಮಾತು ಬರೆಯುತ್ತೇನೆ. ಅದು ನೀರುಗಂಟಿಯ ಉದ್ಯೋಗ.

ನನ್ನ ಮುತ್ತಾತ ನಮ್ಮೂರ ಕೆರೆಯ ನೀರುಗಂಟಿಯಾಗಿದ್ದರು. ತೂಬೆತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ಕಾವಲಿದ್ದು ಕೋಡಿಯನ್ನು ನೋಡಿಕೊಳ್ಳುವುದು ಅವರ ಕೆಲಸ. ನೀರು ಕಡಮೆಯಾದ ವರ್ಷ ಎಷ್ಟು ಗದ್ದೆಗೆ ಬಿಡಬಹುದೆಂಬುದನ್ನು ಊರ ಹಿರಿಯರು ಅವರನ್ನು ಕೇಳಿಯೇ ತೀರ್ಮಾನಿಸುತ್ತಿದ್ದರಂತೆ. ಹಾಗೆಂದು ಹಳೆಯ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಆ ಕೆಲಸ ಜಾತಿಯಿಂದ ಬಂದದ್ದು. ಒಲ್ಲೆನೆನ್ನುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಊರಿಗೆಲ್ಲ ನೀರು ಹಂಚಿದವರು ಊರಬಾವಿಗೆ ಕೊಡ ಇಳಿಸುವಂತಿರಲಿಲ್ಲವೆಂದು ನಮ್ಮಜ್ಜಿ ಹೇಳುತ್ತಾರೆ. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿದ್ದು ನ್ಯಾಯವೇ ಸರಿ. ಆದರೆ ಹುದ್ದೆಯೊಡನೆ ಕೆಲಸವೂ ಹೋಯಿತು. ಜಾತಿಯ ನೊಗವನ್ನು ತೆಗೆದು, ಸಂಬಳ ಗೊತ್ತುಮಾಡಿ, ಆ ಕೆಲಸವನ್ನು ಉಳಿಸಿಕೊಳ್ಳಬಹುದಾಗಿತ್ತು.

ಇಂದು ನನ್ನ ತಂದೆಯನ್ನೂ ಊರವರು ನೀರುಗಂಟಿ ಎಂದೇ ಕರೆಯುತ್ತಾರೆ. ಅವರು ಪಂಚಾಯಿತಿಯ ವಾಟರ್‌ಮನ್. ಸಾವಿರ ಅಡಿ ದಾಟಿದ ಕೊಳವೆಬಾವಿಯ ಮೋಟಾರು ಹಾಕಿ ಬೀದಿಬೀದಿಯ ವಾಲ್ವು ತಿರುಗಿಸುತ್ತಾರೆ. ಕೆರೆಗೂ ಅವರಿಗೂ ಸಂಬಂಧವಿಲ್ಲ! ಕೆಲವು ವರ್ಷಗಳ ಹಿಂದೆ ಯಂತ್ರ ತರಿಸಿ ಹೂಳೆತ್ತಿದರು. ಗುಂಡಿ ಆಳವಾಯಿತು, ನೀರು ಬರಲಿಲ್ಲ. ನೀರು ತರಬೇಕಾದ ರಾಜಕಾಲುವೆಯನ್ನು ಎರಡು ಕಡೆ ಉತ್ತು ರಾಗಿ ಬಿತ್ತಿದ್ದರು. ತಂದೆಗೆ ಇದು ಗೊತ್ತಿದ್ದಿತು. ಅವರನ್ನು ಯಾರೂ ಕೇಳಲಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದೆ. ನಮ್ಮ ಕೆರೆಯನ್ನು ಅದು ಮುಟ್ಟಿಲ್ಲ.

ಕರ್ನಾಟಕದ ಕೆರೆಗಳು ಸುಮಾರು 36,000. ಇಷ್ಟನ್ನೂ ರಾಜಧಾನಿಯಲ್ಲಿ ಕುಳಿತು ಕಾಯುವುದು ಯಾವ ಇಲಾಖೆಗೆ ತಾನೆ ಸಾಧ್ಯ? 1992ರ 73ನೆಯ ಸಂವಿಧಾನ ತಿದ್ದುಪಡಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಕುಡಿಯುವ ನೀರನ್ನಷ್ಟೇ ಅಲ್ಲ, ಸಣ್ಣ ನೀರಾವರಿ, ಜಲನಿರ್ವಹಣೆ, ಜಲಾನಯನ ಅಭಿವೃದ್ಧಿಗಳನ್ನೂ ಎಣಿಸಿದೆ. ನಮ್ಮ ಪಂಚಾಯಿತಿಯೋ ನಲ್ಲಿಯನ್ನು ಮಾತ್ರ ತನ್ನದೆಂದು ತಿಳಿದಿದೆ.

ಮಹಾರಾಷ್ಟ್ರದ ಹಿವರೆ ಬಜಾರ್ ಮಳೆ ಕಡಮೆಯ ಹಳ್ಳಿ. ಪೋಪಟರಾವ್ ಪವಾರರು ಸರಪಂಚರಾದ ಮೇಲೆ ಅಲ್ಲಿ ಪ್ರತಿವರ್ಷ ನೀರಿನ ಆಯವ್ಯಯ ಮಾಡುವ ಪದ್ಧತಿ ಬಂದಿತು. ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಜನ ದನಗಳಿಗೆ ಬೇಕಾದಷ್ಟನ್ನು ತೆಗೆದಿಟ್ಟು, ಉಳಿದುದಕ್ಕೆ ತಕ್ಕ ಬೆಳೆಯನ್ನು ಗ್ರಾಮಸಭೆಯೇ ನಿಶ್ಚಯಿಸುತ್ತದೆ. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವಂತಿಲ್ಲ. ಕಬ್ಬು ಬಾಳೆಗಳನ್ನು ಬಿಟ್ಟಿದ್ದಾರೆ. ನಮ್ಮ ಊರ ಹಿರಿಯರು ನನ್ನ ಮುತ್ತಾತನನ್ನು ಕೇಳಿ ಮಾಡುತ್ತಿದ್ದುದೂ ಇಂಥ ಲೆಕ್ಕವನ್ನೇ ಅಲ್ಲವೆ?

ಪಂಚಾಯಿತಿ ಸದಸ್ಯರ ನಂಟರೇ ಕಾಲುವೆಯನ್ನು ಒತ್ತಿದ್ದರೆ ಏನು ಗತಿ ಎಂದು ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ಸುಳ್ಳಲ್ಲ. ಆದರೆ ದೂರದ ಅಧಿಕಾರಿಯಿಂದ ಮರೆಮಾಚಿದ ಒತ್ತುವರಿಯನ್ನು, ಗ್ರಾಮಸಭೆಯಲ್ಲಿ ಸರ್ವೆ ನಕ್ಷೆ ಹರಡಿದ ಮೇಲೆ ಮರೆಮಾಚುವುದು ಅಷ್ಟು ಸುಲಭವಲ್ಲ. ವಾಟರ್‌ಮನ್‌ಗೆ ಕೆರೆಯ ಹೊಣೆಯನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಡಲಿ. ಒಂದು ಮಳೆಮಾಪಕ, ಕೆರೆಯೊಳಗೊಂದು ಅಳತೆಗಲ್ಲು ಇರಲಿ. ತಿಂಗಳಿಗೊಮ್ಮೆ ಅಂಕಿಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ಬಿತ್ತನೆಗೆ ಮುಂಚೆ ಗ್ರಾಮಸಭೆ ಆ ಗೋಡೆಯನ್ನು ಓದಲಿ.

ತಂದೆಗೆ ಈ ಲೇಖನವನ್ನು ಓದಿ ಹೇಳಿದೆ. "ಅಳೆಯೋದು ನಾನು ಅಳೀತೀನಿ, ಕಾಲುವೆ ಬಿಡಿಸೋ ಅರ್ಜಿ ನೀನು ಬರಿ" ಎಂದರು. ನಕ್ಷೆಯ ನಕಲಿಗಾಗಿ ತಾಲ್ಲೂಕು ಕಚೇರಿಗೆ ಬರೆದುಕೊಂಡಿದ್ದೇನೆ.