ಗೊಬ್ಬರದ ರಿಪೋರ್ಟಿನಲ್ಲಿ ಲಿಗ್ನಿನ್ ಯಾಕಿಲ್ಲ?

ಗುಂಡಿಗೆ ಏನೇ ಹಾಕಿ, ಮೇಲೊಂದು ಬಾಟಲಿ ಸುರಿದರೆ ತಿಂಗಳಲ್ಲಿ ಕಾಂಪೋಸ್ಟ್ ರೆಡಿ ಅನ್ನೋ ವಿಡಿಯೋಗಳು ನಿಮ್ಮ ವಾಟ್ಸಾಪಿಗೂ ಬಂದಿರುತ್ತವೆ. ಗ್ಲಿರಿಸಿಡಿಯಾ ಸೊಪ್ಪಿಗಾದರೆ ಬಾಟಲಿಯೇ ಬೇಡ, ತಾನಾಗಿ ಕರಗುತ್ತೆ. ತೆಂಗಿನ ನಾರಿನ ಪುಡಿಗೆ ಹತ್ತು ಬಾಟಲಿ ಸುರಿದರೂ ತಿಂಗಳಲ್ಲಿ ಆಗೋ ಕೆಲಸವಲ್ಲ. ವ್ಯತ್ಯಾಸ ಇರೋದು ಕೋಶಭಿತ್ತಿಯಲ್ಲಿ, ಅಂದರೆ ಗಿಡದ ಒಂದೊಂದು ಜೀವಕೋಶದ ಸುತ್ತಲಿನ ಗೋಡೆಯಲ್ಲಿ. ಸೆಲ್ಯುಲೋಸ್ ಎಳೆಗಳು ಆ ಗೋಡೆಗೆ ಕಂಬಿ, ಲಿಗ್ನಿನ್ ಅದರ ಸಿಮೆಂಟು.

ಇದನ್ನು ಅಳೆಯೋದು ಹೊಸ ವಿದ್ಯೆ ಏನಲ್ಲ. ಅಮೆರಿಕದ ಪೀಟರ್ ವ್ಯಾನ್ ಸೂಸ್ಟ್ 1960ರ ದಶಕದಲ್ಲಿ ದನದ ಮೇವಿಗಾಗಿ ರೂಪಿಸಿದ ವಿಧಾನವೇ ಇವತ್ತಿಗೂ ನಡೀತಿದೆ. ಒಣಗಿಸಿ ಪುಡಿ ಮಾಡಿದ ಸ್ಯಾಂಪಲ್ಲನ್ನು ತಟಸ್ಥ ಡಿಟರ್ಜೆಂಟ್ ದ್ರಾವಣದಲ್ಲಿ ಕುದಿಸಿದರೆ ಸಕ್ಕರೆ, ಪ್ರೋಟೀನು, ಪೆಕ್ಟಿನ್ ಕರಗಿ ನಾರು ಉಳಿಯುತ್ತೆ. ಆಮ್ಲೀಯ ಡಿಟರ್ಜೆಂಟಿನಲ್ಲಿ ಹೆಮಿಸೆಲ್ಯುಲೋಸೂ ಹೋಗುತ್ತೆ. ಕೊನೆಗೆ 72% ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ನೆನೆಸಿದರೆ ಸೆಲ್ಯುಲೋಸ್ ಕರಗಿ, ಲಿಗ್ನಿನ್ ಮತ್ತು ಒಂದಿಷ್ಟು ಖನಿಜ ಉಳಿಯುತ್ತೆ. ಅದನ್ನು ಕುಲುಮೆಯಲ್ಲಿ ಸುಟ್ಟಾಗ ಎಷ್ಟು ತೂಕ ಕಳೆಯಿತೋ ಅಷ್ಟು ಲಿಗ್ನಿನ್. ಬರೀ ಇದೆಯೋ ಇಲ್ಲವೋ ನೋಡಲು ಇನ್ನೂ ಸುಲಭ: ತೆಳು ಸೀಳಿಗೆ ಫ್ಲೋರೋಗ್ಲುಸಿನಾಲ್, ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಲಿಗ್ನಿನ್ ಇರುವ ಜಾಗ ಕೆಂಪಾಗುತ್ತೆ. ಕಾಲೇಜಿನಲ್ಲಿ ನಾವು ಮಾರ್ಕ್ಸಿಗಾಗಿ ಅದರ ಚಿತ್ರ ಬರೆದು ಮುಗಿಸಿದ್ದೆವು!

ಹಾಲು ಉತ್ಪಾದಕರಿಗೆ ಸಿಗೋ ಈ ಅಂಕಿ ಗೊಬ್ಬರ ಮಾಡೋರಿಗೆ ಸಿಗಲ್ಲ. ನಮ್ಮ ರಿಪೋರ್ಟಿನಲ್ಲಿ ಎನ್‌ಪಿಕೆ, ಪಿಎಚ್, ಇಂಗಾಲ ಇಷ್ಟೇ. ಇಂಗಾಲ ಎಷ್ಟಿದೆ ಅನ್ನೋದಕ್ಕಿಂತ ಅದು ಯಾವ ರೂಪದಲ್ಲಿ ಕೂತಿದೆ ಅನ್ನೋದು ಮುಖ್ಯ ಅಂತ ನಾನು ವಾದಿಸ್ತೀನಿ. ಲಿಗ್ನಿನ್ ಶತ್ರು ಅಂತಲೂ ಅಲ್ಲ. ಅಡಿಕೆ ಬುಡಕ್ಕೆ ಹೊದಿಕೆ ಬೇಕಾದರೆ ಲಿಗ್ನಿನ್ ಹೆಚ್ಚಿರೋದೇ ಒಳ್ಳೇದು, ಬಹಳ ದಿನ ಬಾಳುತ್ತೆ. ಮೆಣಸಿನಕಾಯಿಗೆ ಬೇಗ ಸಾರಜನಕ ಸಿಗಬೇಕಾದರೆ ಎಳೆ ಸೊಪ್ಪೇ ಆಗಬೇಕು. ನಾರಿನ ಪುಡಿಯನ್ನೇ ಕಾಂಪೋಸ್ಟ್ ಮಾಡೋದಾದರೆ ಸಗಣಿ, ಸೊಪ್ಪಿನ ಜೊತೆ ಸಿಂಪಿ ಅಣಬೆಯ ಬೀಜ ಸೇರಿಸಿ. ಲಿಗ್ನಿನ್ ಒಡೆಯುವ ಕಿಣ್ವ ಆ ಶಿಲೀಂಧ್ರದಲ್ಲಿದೆ.

ಬಾಟಲಿ ಮಾರೋರನ್ನು ಕೇಳಬೇಕಾದ್ದು ಒಂದೇ: ಹಾಕೋ ಮೊದಲು ಲಿಗ್ನಿನ್ ಎಷ್ಟಿತ್ತು, ಆಮೇಲೆ ಎಷ್ಟು? ಬರೀ ಶೇಕಡಾ ತೋರಿಸಿದರೆ ಒಪ್ಪಬೇಡಿ. ಸೆಲ್ಯುಲೋಸ್ ಮೊದಲು ಕರಗೋದರಿಂದ, ಒಳ್ಳೆ ಕಾಂಪೋಸ್ಟಿನಲ್ಲೂ ಲಿಗ್ನಿನ್ ಶೇಕಡಾವಾರು ಏರಬಹುದು. ಗುಡ್ಡೆಯ ಒಣ ತೂಕವನ್ನೂ ಕೇಳಿ, ಕಿಲೋ ಲೆಕ್ಕದಲ್ಲಿ ಹೋಲಿಸಿ. ನಾಲ್ಕೈದು ಜನ ಸೇರಿ ಸ್ಯಾಂಪಲ್ ಒಯ್ಯುವುದಾದರೆ, ಮಣ್ಣು ಪರೀಕ್ಷೆಯ ಲ್ಯಾಬಿಗಿಂತ ಮೊದಲು ಮೇವು ಪರೀಕ್ಷಿಸುವ ಲ್ಯಾಬಿನಲ್ಲಿ ವಿಚಾರಿಸಿ.