ಊರಿಗೆ ಒಪ್ಪಿಸುವ ಲೆಕ್ಕ

ಅಂಗಡಿಗೆ ಹೋಗಿಬಂದ ಮಗನು ತಂದ ಸಾಮಾನನ್ನು ಮುಂದಿಟ್ಟು, ಉಳಿದ ಚಿಲ್ಲರೆಯನ್ನು ತಾಯಿಯ ಕೈಗೆ ಎಣಿಸಿ ಕೊಡುತ್ತಾನೆ. ತಾಯಿಗೆ ಮಗನಲ್ಲಿ ನಂಬಿಕೆಯಿಲ್ಲವೆಂದು ಇದರ ಅರ್ಥವಲ್ಲ. ಆ ನಂಬಿಕೆ ಉಳಿದುಬರುವುದೇ ಇಂತಹ ಲೆಕ್ಕದಿಂದ. ಒಬ್ಬರ ಹಣವನ್ನು ಇನ್ನೊಬ್ಬರು ವೆಚ್ಚಮಾಡುವ ಕಡೆಯಲ್ಲೆಲ್ಲ ಲೆಕ್ಕ ಒಪ್ಪಿಸುವ ಕರ್ತವ್ಯವೂ ಜೊತೆಯಲ್ಲಿಯೇ ಹುಟ್ಟಿಕೊಳ್ಳುತ್ತದೆ. ಮನೆಯಲ್ಲಿ ಇಷ್ಟು ಸಹಜವಾಗಿರುವ ಈ ನಡವಳಿಕೆ ಊರಿನ ಆಡಳಿತದಲ್ಲಿ ಅಪರೂಪವಾಗುವುದೇಕೆ? ಗ್ರಾಮ ಪಂಚಾಯಿತಿಯ ಅಧ್ಯಕ್ಷರು ಜನರ ಮುಂದೆ ನಿಂತು, ಬಂದ ಹಣವೆಷ್ಟು, ಕಟ್ಟಿಸಿದ ಮನೆಗಳೆಷ್ಟು, ಆಗದೆ ಉಳಿದ ಕೆಲಸಗಳಾವುವು ಎಂದು ತಿಳಿಸುವುದನ್ನು ಬರಿಯ ಶಾಸ್ತ್ರವೆಂದು ಭಾವಿಸುವವರಿದ್ದಾರೆ. ಈ ಭಾವನೆ ಸರಿಯಲ್ಲ. ಚುನಾವಣೆಯು ಮುಂದಾಳನ್ನು ಆರಿಸಿಕೊಡುತ್ತದೆ; ಆ ಮುಂದಾಳು ಜನರ ಸೇವಕನಾಗಿ ಉಳಿಯುವಂತೆ ನೋಡಿಕೊಳ್ಳುವುದು ಲೆಕ್ಕ ಒಪ್ಪಿಸುವ ಸಭೆ.

ಈ ತಿಳಿವಳಿಕೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ತಮಿಳುನಾಡಿನ ಕಾಂಚೀಪುರ ಜಿಲ್ಲೆಯಲ್ಲಿ ಉತ್ತರಮೇರೂರು ಎಂಬ ಊರಿದೆ. ಅಲ್ಲಿಯ ವೈಕುಂಠ ಪೆರುಮಾಳ್ ದೇವಾಲಯದ ಗೋಡೆಯ ಮೇಲೆ ಚೋಳ ಅರಸನಾದ ಒಂದನೆಯ ಪರಾಂತಕನ ಕಾಲದ, ಸುಮಾರು ಕ್ರಿ.ಶ. 920ರ ಶಾಸನಗಳಿವೆ. ಊರಿನ ಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಯೋಗ್ಯರ ಹೆಸರುಗಳನ್ನು ಓಲೆಗಳ ಮೇಲೆ ಬರೆದು ಕೊಡದಲ್ಲಿ ಹಾಕುತ್ತಿದ್ದರು. ಚಿಕ್ಕ ಬಾಲಕನೊಬ್ಬನು ಎಲ್ಲರೆದುರಿನಲ್ಲಿ ಅದರಿಂದ ಓಲೆಯನ್ನು ಎತ್ತುತ್ತಿದ್ದನು. ಯಾರ ಹೆಸರು ಆ ಕೊಡವನ್ನು ಸೇರಬಾರದು ಎಂಬುದನ್ನೂ ಶಾಸನ ಹೇಳುತ್ತದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಅರ್ಹನಲ್ಲ. ಅವನ ಹತ್ತಿರದ ಬಂಧುಗಳೂ ಅರ್ಹರಲ್ಲ! ಆ ಸಭೆಯನ್ನು ಇಂದಿನ ಪ್ರಜಾಪ್ರಭುತ್ವವೆಂದು ಕರೆಯುವುದು ತಪ್ಪಾದೀತು. ಭೂಮಿ, ಸ್ವಂತ ಮನೆ ಮತ್ತು ವಿದ್ಯೆಯುಳ್ಳ ಪುರುಷರಿಗೆ ಮಾತ್ರ ಅದರ ಸಮಿತಿಗಳಲ್ಲಿ ಸ್ಥಾನವಿತ್ತು. ಆದರೂ ಲೆಕ್ಕ ಕೊಡದವನಿಗೆ ಅಧಿಕಾರ ಸಲ್ಲದು ಎಂಬ ನೀತಿಯನ್ನು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೊರೆಯಿಸಿದ್ದುದು ಸಣ್ಣ ಸಂಗತಿಯಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಬಲವಂತರಾಯ್ ಮೆಹತಾ ಸಮಿತಿಯು 1957ರಲ್ಲಿ ನೀಡಿದ ಸಲಹೆಯಂತೆ ಪಂಚಾಯತ್ ರಾಜ್ಯ ವ್ಯವಸ್ಥೆ ರೂಪುಗೊಂಡಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರ್‌ನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ಕರ್ನಾಟಕದಲ್ಲಿ 1983ರ ಕಾಯಿದೆಯು ಹಳ್ಳಿಗಳಿಗೆ ಹೆಚ್ಚಿನ ಅಧಿಕಾರ ತಂದಿತು. ಅದಕ್ಕಾಗಿ ಶ್ರಮಿಸಿದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿಗಳನ್ನು ಕೊರೆಯಿಸಿ ‘ನೀರ್ ಸಾಬ್’ ಎಂದೇ ಜನರ ಪ್ರೀತಿಗೆ ಪಾತ್ರರಾದರು. ಮುಂದೆ ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಪಂಚಾಯಿತಿಗಳಿಗೂ ಗ್ರಾಮಸಭೆಗೂ ಸಂವಿಧಾನದಲ್ಲಿಯೇ ನೆಲೆಯನ್ನು ದೊರಕಿಸಿತು. ಊರಿನ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಅದಕ್ಕೆ ಯಾರೂ ಚುನಾಯಿತರಾಗಬೇಕಿಲ್ಲ. ಯಾರೂ ಅವರನ್ನು ಹೊರಹಾಕುವಂತಿಲ್ಲ. ಕರ್ನಾಟಕದ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ಸೇರಬೇಕು.

ಇಂತಹ ಒಂದು ಸಭೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಶಾಲೆಯ ಮುಂದಿನ ಅರಳಿಕಟ್ಟೆಯ ಬಳಿ ಜಮಖಾನ ಹಾಸಿದೆ. ಪಂಚಾಯಿತಿಯ ಅಧ್ಯಕ್ಷೆ ಎದ್ದುನಿಂತು ಮನೆಗಳ ವಿಷಯವನ್ನು ಎತ್ತಿಕೊಳ್ಳುತ್ತಾರೆ. ಎಪ್ಪತ್ತು ಅರ್ಜಿಗಳು ಬಂದಿವೆ. ಮಂಜೂರಾಗಿರುವ ಮನೆಗಳು ಇಪ್ಪತ್ತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮುದುಕಿಯೊಬ್ಬಳು ಏಳುತ್ತಾಳೆ.

“ಅಲ್ಲ ಕಣವ್ವಾ, ಹೋದ ಸಲವೂ ಬರೆಸಿಕೊಂಡು ಹೋದಿರಿ. ಈ ಮಳೆಗಾಲಕ್ಕೆ ನನ್ನ ಗೋಡೆ ನಿಲ್ಲುತ್ತದೆಯೇ? ನನ್ನ ಹೆಸರು ಏನಾಯಿತು, ಹೇಳು.”

ಅಧ್ಯಕ್ಷೆಗೆ ಇಲ್ಲಿ ಎರಡು ದಾರಿಗಳಿವೆ. “ನೋಡೋಣ ಅಜ್ಜಿ, ಆಗುತ್ತದೆ” ಎಂದು ನಕ್ಕು ಕೂರಿಸಿಬಿಡುವುದು ಒಂದು. ಪಟ್ಟಿಯನ್ನು ಬಿಚ್ಚಿ, “ಅಜ್ಜಿ, ನಿಮ್ಮ ಹೆಸರು ಇಪ್ಪತ್ತಾರನೆಯದು. ಈ ಸಲ ಇಪ್ಪತ್ತೇ ಮನೆಗಳು ಬಂದಿವೆ. ನಿಮಗಿಂತ ಮೇಲಿರುವ ಹೆಸರುಗಳನ್ನು ಈಗಲೇ ಓದಿಸುತ್ತೇನೆ. ಅವರಲ್ಲಿ ಮನೆಯಿದ್ದೂ ಬರೆಸಿಕೊಂಡವರಿದ್ದರೆ ಸಭೆಯೇ ಹೇಳಲಿ” ಎನ್ನುವುದು ಇನ್ನೊಂದು. ಮೊದಲನೆಯ ಮಾತು ಕಿವಿಗೆ ಇಂಪು, ಎರಡನೆಯದು ಕಹಿ. ಆದರೆ ಮೊದಲನೆಯದರಿಂದ ಮುದುಕಿಗೆ ದೊರೆಯುವುದು ಮತ್ತೊಂದು ವರ್ಷದ ಸುಳ್ಳು ಭರವಸೆ. ಎರಡನೆಯದರಿಂದ ಆಕೆಗೆ ತನ್ನ ಸರದಿ ಎಲ್ಲಿದೆಯೆಂಬುದು ತಿಳಿಯುತ್ತದೆ. ಅನರ್ಹರ ಹೆಸರು ಸೇರಿದ್ದರೆ ಅದು ಬಯಲಿಗೆ ಬರುತ್ತದೆ. ಆ ಹೆಸರುಗಳು ಹೋದರೆ ಆಕೆಯ ಸರದಿ ಮುಂದಕ್ಕೆ ಬರುತ್ತದೆ. ಬಡವರ ಪಾಲಿಗೆ ಸಿಹಿಯಾದ ಮಾತಿಗಿಂತ ಸರಿಯಾದ ಪಟ್ಟಿ ದೊಡ್ಡ ಉಪಕಾರ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಕಷ್ಟವನ್ನು ಈ ಮನೆಗಳನ್ನು ಕಟ್ಟುವವರು ಚೆನ್ನಾಗಿ ಬಲ್ಲರು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ, ಬಯಲು ಪ್ರದೇಶದ ಒಂದು ಮನೆಗೆ 1,20,000 ರೂಪಾಯಿ ಮತ್ತು ಗುಡ್ಡಗಾಡಿನ ಮನೆಗೆ 1,30,000 ರೂಪಾಯಿ ನೆರವೆಂದು ಗೊತ್ತುಪಡಿಸಲಾಯಿತು. ಹಣ ಒಟ್ಟಿಗೆ ಬರುವುದಿಲ್ಲ. ಕಟ್ಟಡ ಏಳುತ್ತ ಹೋದಂತೆ ಕಂತುಕಂತಾಗಿ ಫಲಾನುಭವಿಯ ಖಾತೆಗೆ ಸೇರುತ್ತದೆ. ಇದ್ದ ಗುಡಿಸಲನ್ನು ಕೆಡವಿ, ತಳಪಾಯ ಹಾಕಿ, ಮುಂದಿನ ಕಂತು ಬಾರದೆ ಸಾಲ ಮಾಡಿದ ಸಂಸಾರದ ಗೋಳು ಸಣ್ಣದಲ್ಲ. ಕಂತು ತಡೆದದ್ದು ಛಾಯಾಚಿತ್ರ ಸೇರದ್ದರಿಂದಲೋ, ಬ್ಯಾಂಕಿನ ಖಾತೆಯ ತಪ್ಪಿನಿಂದಲೋ, ಮೇಲಿನಿಂದ ಹಣವೇ ಬಾರದ್ದರಿಂದಲೋ ಎಂಬುದನ್ನು ತಿಳಿಸಬೇಕಾದವರು ಪಂಚಾಯಿತಿಯವರು. ಕಾರಣ ತಿಳಿದ ಮನುಷ್ಯ ಅದಕ್ಕೆ ತಕ್ಕ ದಾರಿ ಹುಡುಕಿಕೊಳ್ಳುತ್ತಾನೆ. ಕಾರಣ ತಿಳಿಯದವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಕೊನೆಗೆ ದಲ್ಲಾಳಿಯ ಕೈಗೆ ಸಿಕ್ಕಿಬೀಳುತ್ತಾನೆ.

ಮನೆಗಳ ಮಾತಿನಿಂದ ಹಣದ ಮಾತಿಗೆ ಬರಬೇಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಪಂಚಾಯಿತಿಯ ಹಾಸಿಗೆ ಎಷ್ಟು ಉದ್ದವೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮನೆ ಕಂದಾಯ, ನೀರಿನ ಕರ ಮುಂತಾದವು ಅದರ ಸ್ವಂತ ಆದಾಯ. ಉಳಿದದ್ದು ಸರ್ಕಾರಗಳಿಂದ ಬರುವ ಅನುದಾನ. ಅದರಲ್ಲಿಯೂ ಬಹುಭಾಗವನ್ನು ಇಂತಿಂತಹ ಕೆಲಸಕ್ಕೇ ಬಳಸಬೇಕೆಂಬ ಕಟ್ಟು ಇರುತ್ತದೆ. ಉದಾಹರಣೆಗೆ, 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ 15ನೆಯ ಹಣಕಾಸು ಆಯೋಗವು ಪಂಚಾಯಿತಿಗಳಿಗೆ ಸೂಚಿಸಿದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಾಗಿತ್ತು. ‘ಇಷ್ಟು ಹಣ ಬಂದಿದ್ದರೂ ನಮ್ಮ ಕೇರಿಗೆ ರಸ್ತೆ ಏಕಿಲ್ಲ?’ ಎಂದು ಕೇಳುವವನಿಗೆ ಈ ಕಟ್ಟನ್ನು ಬಿಡಿಸಿ ಹೇಳದಿದ್ದರೆ, ಹಣ ಯಾರದೋ ಜೇಬು ಸೇರಿತೆಂದೇ ಅವನು ನಂಬುತ್ತಾನೆ. ಮೌನವು ಪ್ರಾಮಾಣಿಕನನ್ನೂ ಕಳ್ಳನಂತೆ ಕಾಣಿಸುತ್ತದೆ. ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯ ಉದ್ದೇಶವೂ ಇದೇ. ಅಂದು ಪಂಚಾಯಿತಿಯ ಲೆಕ್ಕಪತ್ರಗಳನ್ನು ಜನರೆದುರಿಗೆ ಇಟ್ಟು, ಮಾಡಿದ ಕಾಮಗಾರಿಗಳನ್ನು ಪರಿಶೀಲಿಸಲಾಗುತ್ತದೆ.

ಹಣಕ್ಕೆ ಸೇರದ ಊರೊಟ್ಟಿನ ವಿಷಯಗಳೂ ಇವೆ. ಸ್ಮಶಾನಕ್ಕೆ ಹೋಗುವ ದಾರಿಯ ಒತ್ತುವರಿ, ಕೆರೆಯ ಕೋಡಿಗೆ ಸುರಿದ ಕಸ, ಯಾವ ಕೇರಿಗೆ ಎಷ್ಟು ಹೊತ್ತು ನೀರು ಎಂಬ ತಕರಾರು ಇಂತಹವು. ಇವುಗಳನ್ನು ಜಗಲಿಯ ಮೇಲೆ ಗುಸುಗುಸು ಮಾತನಾಡಿದರೆ ಜಗಳವಾಗುತ್ತದೆ. ಸಭೆಯಲ್ಲಿ ಎಲ್ಲರೂ ಕೇಳುವಂತೆ ಮಾತನಾಡಿದರೆ ತೀರ್ಮಾನವಾಗುತ್ತದೆ. ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದರೆ ಮುಂದಿನ ಸಭೆಯಲ್ಲಿ ಅದನ್ನು ಹಿಡಿದು ಕೇಳಬಹುದು.

ಲೆಕ್ಕ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ರಾಜಸ್ಥಾನದ ಕೂಲಿಕಾರರು ನಾಡಿಗೆಲ್ಲ ತೋರಿಸಿಕೊಟ್ಟರು. ಅಲ್ಲಿ 1990ರಲ್ಲಿ ಸ್ಥಾಪನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಕೊನೆಯಿಂದ ಹಳ್ಳಿಗಳಲ್ಲಿ ಜನರ ಅಹವಾಲು ಸಭೆಗಳನ್ನು ನಡೆಸತೊಡಗಿತು. ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿಯನ್ನೂ ರಸೀತಿಗಳನ್ನೂ ಜನರ ಮುಂದೆ ಗಟ್ಟಿಯಾಗಿ ಓದಿದರು, ಅಷ್ಟೇ. ಕೆಲಸಕ್ಕೆ ಹೋಗದವರ ಹೆಸರಿನಲ್ಲಿ, ಸತ್ತವರ ಹೆಸರಿನಲ್ಲಿ ಸಹ ಕೂಲಿ ಬರೆದಿದ್ದುದು ಹೊರಬಿತ್ತು. ಓದುಬರಹ ಬಾರದ ಹೆಂಗಸರು ಎದ್ದುನಿಂತು, ಇದು ಸುಳ್ಳೆಂದು ಸಾಕ್ಷಿ ನುಡಿದರು. ಆ ಹಳ್ಳಿಗಳಲ್ಲಿ ಎದ್ದ ಬೇಡಿಕೆ ದೇಶದಲ್ಲೆಲ್ಲ ಹಬ್ಬಿ, 2005ರಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಬರಲು ಮುಖ್ಯ ಕಾರಣಗಳಲ್ಲೊಂದಾಯಿತು.

ಹೀಗೆಂದ ಮಾತ್ರಕ್ಕೆ ತಪ್ಪೆಲ್ಲ ಮುಂದಾಳುಗಳದೇ ಎನ್ನಲಾಗದು. ‘ಊರು ಉಪಕಾರ ಅರಿಯದು’ ಎಂದು ಅವರು ನೊಂದುಕೊಳ್ಳುವುದಕ್ಕೂ ಕಾರಣವಿದೆ. ಡಂಗುರ ಹೊಡೆಯಿಸಿದರೂ ಸಭೆಗೆ ಬರುವವರು ಕೆಲವರೇ. ಬಂದವರಲ್ಲಿಯೂ ತಮ್ಮ ಮನೆಯ ಅರ್ಜಿಯ ಗತಿಯನ್ನು ತಿಳಿದೊಡನೆ ಎದ್ದುಹೋಗುವವರೇ ಬಹಳ. ಕಂದಾಯವನ್ನು ವರ್ಷಗಟ್ಟಲೆ ಕಟ್ಟದವನೇ ಬೀದಿದೀಪ ಉರಿಯದೆಂದು ಎಲ್ಲರಿಗಿಂತ ಜೋರಾಗಿ ಕೂಗುವುದೂ ಉಂಟು. ಸಭೆ ಸೇರದೆಯೇ ಹಾಜರಿ ಪುಸ್ತಕಕ್ಕೆ ಮನೆಮನೆಯಿಂದ ಸಹಿ ಹಾಕಿಸಿಕೊಂಡು ಬಂದರೆ, ಕೇಳಿದವರದು ಎಷ್ಟು ತಪ್ಪೋ ಹಾಕಿದವರದೂ ಅಷ್ಟೇ ತಪ್ಪು. ಲೆಕ್ಕ ಒಪ್ಪಿಸುವುದು ಮುಂದಾಳಿನ ಕರ್ತವ್ಯ; ಕುಳಿತು ಕೊನೆಯವರೆಗೆ ಕೇಳುವುದು, ತಿಳಿಯದುದನ್ನು ಪ್ರಶ್ನಿಸುವುದು, ಆಗದ ಕೆಲಸಕ್ಕೆ ನ್ಯಾಯವಾದ ಕಾರಣವಿದ್ದರೆ ಒಪ್ಪಿಕೊಳ್ಳುವುದು ಜನರ ಕರ್ತವ್ಯ. ಇವೆರಡರಲ್ಲಿ ಯಾವುದು ಕುಂದಿದರೂ ಆಡಳಿತ ಕುಂಟುತ್ತದೆ.

ಪ್ರಶ್ನಿಸುವ ಅಭ್ಯಾಸ ಎಳೆಯ ವಯಸ್ಸಿನಲ್ಲಿಯೇ ಬೆಳೆಯಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ಸೇರಿಸುವ ಪದ್ಧತಿಯಿದೆ. ಶಾಲೆಗೆ ಹೋಗುವ ದಾರಿಯಲ್ಲಿ ಸೇತುವೆಯಿಲ್ಲದುದನ್ನು, ಶೌಚಾಲಯಕ್ಕೆ ನೀರಿಲ್ಲದುದನ್ನು ಮಕ್ಕಳು ಅಲ್ಲಿ ಅಧ್ಯಕ್ಷರ ಮುಂದೆಯೇ ಹೇಳಬಹುದು. ಹೇಳುವುದರ ಜೊತೆಗೆ, ಹಿಂದಿನ ವರ್ಷ ಹೇಳಿದ್ದು ಏನಾಯಿತೆಂದು ಕೇಳುವ ವಿದ್ಯಾರ್ಥಿಯೇ ನಿಜವಾಗಿ ಪೌರನೀತಿಯ ಪಾಠವನ್ನು ಕಲಿತವನು.

ಊರಿನ ಮುಂದಾಳು ಎಲ್ಲವನ್ನೂ ಮಾಡಿ ಮುಗಿಸಬಲ್ಲನೆಂದು ಯಾರೂ ಎಣಿಸಬಾರದು. ಎಪ್ಪತ್ತು ಮಂದಿ ಕೇಳಿ ಇಪ್ಪತ್ತು ಮನೆಗಳು ಬಂದಾಗ ಐವತ್ತು ಮಂದಿ ನಿರಾಶರಾಗುವುದು ಅನಿವಾರ್ಯ. ಆದರೆ ಆ ಐವತ್ತು ಮಂದಿಯೂ ಮೋಸಹೋದೆವೆಂಬ ಸಂಶಯವಿಲ್ಲದೆ ಮನೆಗೆ ಹಿಂದಿರುಗುವಂತೆ ಮಾಡಲು ಮುಂದಾಳಿಗೆ ಸಾಧ್ಯವಿದೆ. ಅದಕ್ಕೆ ಅನುದಾನ ಬೇಕಿಲ್ಲ, ಮೇಲಿನವರ ಮಂಜೂರಾತಿಯೂ ಬೇಕಿಲ್ಲ. ತೆರೆದ ಪುಸ್ತಕವೂ ನೇರವಾದ ಮಾತೂ ಇದ್ದರೆ ಸಾಕು.