ಕಾರಿನ ತಗಡು ಚಪ್ಪರಕ್ಕೂ ಅನುಮತಿಯೆ?

‘ಸಾರ್, ನಾಲ್ಕು ಕಂಬ, ಮೇಲೊಂದು ತಗಡು, ಇದಕ್ಕೂ ಪಾಲಿಕೆಯ ಅನುಮತಿ ಬೇಕೆ?’ ಎಂದು ನನ್ನ ಶಿಷ್ಯರು ಹಲವರು ಕೇಳಿದ್ದುಂಟು. ಕಾನೂನಿನ ಉತ್ತರ ನೇರವಾಗಿದೆ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯಲ್ಲಿ ‘ಕಟ್ಟಡ’ವೆಂದರೆ ಇಟ್ಟಿಗೆ-ಗಾರೆಯ ಮನೆ ಮಾತ್ರವಲ್ಲ, ಶೆಡ್ಡೂ ಕಟ್ಟಡವೇ, ಲೋಹದಿಂದ ಮಾಡಿದ್ದೂ ಕಟ್ಟಡವೇ.

ಇಂತಹ ಶೆಡ್ಡು ಸಾಮಾನ್ಯವಾಗಿ ಏಳುವುದು ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗದಲ್ಲಿ. ಗಾಳಿ ಬೆಳಕು ಬರಲೆಂದು, ಬೆಂಕಿ ಬಿದ್ದಾಗ ಜನ ಓಡಾಡಲೆಂದು ಬಿಟ್ಟ ಜಾಗವದು. ತಗಡಿನ ಇಳಿಜಾರು ಪಕ್ಕದ ಗೋಡೆಯತ್ತ ಇದ್ದರೆ ಮಳೆನೀರೆಲ್ಲ ಅವರ ಅಂಗಳಕ್ಕೆ. ಸರಿಯಾಗಿ ಬಿಗಿಯದ ತಗಡು ಬಿರುಗಾಳಿಗೆ ಹಾರಿ ಯಾರ ಮೇಲೆ ಬೀಳುವುದೋ! ಆದ್ದರಿಂದ ಅನುಮತಿ ಬೇಕೆಂಬ ನಿಯಮ ಅನ್ಯಾಯವಲ್ಲ.

ಆದರೆ ಮೂರಂತಸ್ತಿನ ಮನೆಗೂ ಒಂದು ತಗಡಿನ ಮಾಡಿಗೂ ಒಂದೇ ಬಗೆಯ ಅಲೆದಾಟ ಸಲ್ಲದು. ಅಳತೆಯ ಒಂದು ನಕ್ಷೆ, ನೀರು ಹರಿಯುವ ದಾರಿಯ ವಿವರ, ಮಾಲೀಕರ ಸಹಿ. ಇಷ್ಟಕ್ಕೆ ವಾರದೊಳಗೆ ಉತ್ತರ ದೊರೆಯುವಂತಾಗಬೇಕು. ರಾಜಮಾರ್ಗ ದುರ್ಗಮವಾದರೆ ಸಜ್ಜನರೂ ಅಡ್ಡದಾರಿ ಹಿಡಿಯುತ್ತಾರೆ.

ಹಾಗೆಂದು ‘ಮೊದಲು ಕಟ್ಟೋಣ, ಮುಂದೆ ಸಕ್ರಮವಾದೀತು’ ಎಂಬ ನಂಬಿಕೆಯೂ ಬೇಡ. ಅಕ್ರಮ-ಸಕ್ರಮ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿದ್ದನ್ನು ನೆನಪಿಡಿ. ಕಂಬ ನೆಡುವ ಮೊದಲು ಪಾಲಿಕೆಯನ್ನು ಕೇಳಿ. ಹಾಗೆಯೇ ಪಕ್ಕದ ಮನೆಯವರಿಗೂ ಒಂದು ಮಾತು ತಿಳಿಸಿ. ಕಾರು ಹತ್ತು ವರ್ಷ ಬಾಳೀತು, ನೆರೆಹೊರೆ ಜೀವಮಾನವಿಡೀ ಇರುವಂಥದು.